ಸೌದಾ: ರಕ್ತದಲ್ಲಿ ದುಃಖ ಹುಡುಕಿದವರ ಚರಿತ್ರೆ

ಚಿಕ್ಕಂದಿನಲ್ಲಿ ನನಗೆ 'ಸೌದಾ' ಎಂದರೆ ಸಂತೆಯ ದಿನ ಅಬ್ಬಾ ಚೀಲದಲ್ಲಿ ತುಂಬಿ ತರುತ್ತಿದ್ದ ಈರುಳ್ಳಿ, ಬೇಳೆ, ಚಹಾಪುಡಿ. ನಮ್ಮ ದಖನಿ ಮನೆಮಾತಿನಲ್ಲಿ ಅಂಗಡಿ ಸಾಮಾನಿಗೆ ಇದ್ದ ಹೆಸರು ಅದು. ಹಾಗಾಗಿ ನಾನಿ ಪಕ್ಕದ ಬೀದಿಯ ಒಬ್ಬ ಹೆಂಗಸನ್ನು ಕುರಿತು 'ಪಾಪ, ಸೌದಾಯಿ ಆಗಿಬಿಟ್ಟಿದ್ದಾಳೆ' ಎಂದಾಗ, ಆಕೆ ಸಂತೆಯಲ್ಲಿ ವ್ಯಾಪಾರಕ್ಕೆ ಕೂತಿದ್ದಾಳೆ ಎಂದು ತಿಳಿದಿದ್ದೆ. ಆ ಹೆಂಗಸು ಮನೆಯಿಂದ ಹೊರಗೆ ಬರುವುದನ್ನೇ ಬಿಟ್ಟು ವರ್ಷವಾಗಿತ್ತು. ಉರ್ದು ಶಾಲೆಯ ಉಸ್ತಾದರು ಹದಿನೆಂಟನೇ ಶತಮಾನದ ಕವಿ ಮಿರ್ಜಾ ರಫೀ 'ಸೌದಾ' ಅವರ ಪಾಠ ಮಾಡುವಾಗ ಗಂಟು ಬಿಚ್ಚಿದರು. ಈ ಪದಕ್ಕೆ ವ್ಯಾಪಾರ ಎಂಬ ಅರ್ಥವೂ ಉಂಟು, ಹುಚ್ಚು ಎಂಬ ಅರ್ಥವೂ ಉಂಟು. ಎರಡನೆಯದು ಅರಬ್ಬಿಯಿಂದ ಬಂದದ್ದು. ಅಲ್ಲಿ ಅದರ ಮೂಲಾರ್ಥ 'ಕಪ್ಪು'. ಮನುಷ್ಯನ ಮೈಯಲ್ಲಿ ಕಪ್ಪು ಪಿತ್ತ ಹೆಚ್ಚಾದರೆ ಮನಸ್ಸು ಕತ್ತಲಾಗುತ್ತದೆ ಎಂದು ಹಿಂದಿನ ಹಕೀಮರು ನಂಬಿದ್ದರು.

ಈ ಪದ ಹೋದ ವರ್ಷ ಮತ್ತೆ ನೆನಪಾಯಿತು. ನನ್ನ ಖಾಲಾನ ಮಗಳು, ಮೂರು ಮಕ್ಕಳ ತಾಯಿ, ಆರು ತಿಂಗಳಿಂದ ಒಂದು ಥರಾ ಇದ್ದಾಳೆ ಎಂದು ಸುದ್ದಿ ಬಂತು. ನಾಲ್ಕು ಗಂಟೆಗೆಲ್ಲ ಎಚ್ಚರವಾಗುತ್ತದೆ, ಮತ್ತೆ ನಿದ್ದೆ ಬರುವುದಿಲ್ಲ. ಊಟ ಸೇರುವುದಿಲ್ಲ. ಮಗು ಅತ್ತರೆ ಎತ್ತಿಕೊಳ್ಳಲು ಕೈ ಏಳುವುದಿಲ್ಲ. ಮನೆಯವರು ಒಳ್ಳೆಯ ಜನವೇ. ಪೇಟೆಗೆ ಕರೆದುಕೊಂಡು ಹೋಗಿ ಲ್ಯಾಬಿನಲ್ಲಿ ಸಾವಿರಾರು ರೂಪಾಯಿಯ ರಕ್ತಪರೀಕ್ಷೆ ಮಾಡಿಸಿದರು. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್, ಬಿ-12, ಲಿವರ್, ಕಿಡ್ನಿ ಎಲ್ಲವೂ ಸರಿ. ನಾನು ನೋಡಲು ಹೋದ ದಿನ ಆಕೆಯ ಅತ್ತೆ ಆ ಕಾಗದಗಳನ್ನು ನನ್ನ ಮುಂದಿಟ್ಟರು. 'ನೋಡು ಬೇಟಾ, ನೀನು ಓದಿದವನು. ಎಲ್ಲಾ ನಾರ್ಮಲ್ ಅಂತ ಬರೆದಿದ್ದಾರೆ. ರಕ್ತದಲ್ಲಿ ಏನೂ ಇಲ್ಲ. ಮತ್ತೆ ಇವಳಿಗೆ ಆಗಿರೋದಾದರೂ ಏನು?' ಬಾಗಿಲ ಮರೆಯಲ್ಲಿ ನಿಂತಿದ್ದ ಆಕೆ ನನ್ನ ಕಡೆ ನೋಡಿದ ನೋಟವನ್ನು ಮರೆಯಲಾರೆ. ಒಂದಾದರೂ ಅಂಕಿ ಕೆಟ್ಟಿರಬಾರದಿತ್ತೇ ಎಂಬಂತಿತ್ತು ಅದು. ಒಂದು ಅಂಕಿ ಕೆಟ್ಟಿದ್ದರೆ ಅವಳು ರೋಗಿ. ಎಲ್ಲವೂ ನೆಟ್ಟಗಿದ್ದುದರಿಂದ ಅವಳು ಸೋಮಾರಿ, ಇಲ್ಲವೇ ನಾಟಕಗಾರ್ತಿ. ಕೆಲವರ ಪ್ರಕಾರ ಅವಳಿಗೆ 'ಅಸರ್' ಆಗಿತ್ತು.

ರಕ್ತ ಸಾಕ್ಷಿ ಹೇಳಲಿ, ಆಮೇಲೆ ನಿನ್ನ ನೋವನ್ನು ನಂಬುತ್ತೇವೆ. ಈ ಬೇಡಿಕೆ ನಮ್ಮ ಕಾಲದ್ದೆಂದು ನಾವು ತಿಳಿದಿದ್ದೇವೆ. ನಿಜಕ್ಕೂ ಅದಕ್ಕೆ ಎರಡು ಸಾವಿರ ವರ್ಷ ದಾಟಿದ ಚರಿತ್ರೆಯಿದೆ.

*

ಕ್ರಿಸ್ತಪೂರ್ವ ಐದನೇ ಶತಮಾನದ ಗ್ರೀಸಿನಲ್ಲಿ ಹಿಪೊಕ್ರೇಟಿಸನ ಪರಂಪರೆಯ ವೈದ್ಯರು ದೇಹದಲ್ಲಿ ನಾಲ್ಕು ರಸಗಳಿವೆ ಎಂದರು. ಅವು ರಕ್ತ, ಕಫ, ಹಳದಿ ಪಿತ್ತ ಮತ್ತು ಕಪ್ಪು ಪಿತ್ತ. ಕಪ್ಪು ಪಿತ್ತಕ್ಕೆ ಗ್ರೀಕಿನಲ್ಲಿ 'ಮೆಲೈನಾ ಖೋಲೆ' ಎನ್ನುತ್ತಾರೆ. 'ಮೆಲಾಂಕೋಲಿ' ಹುಟ್ಟಿದ್ದು ಅಲ್ಲಿಂದ. ಅರಬ್ಬಿ, ಫಾರಸಿ, ಉರ್ದುವಿನ 'ಮಾಲಿಖೂಲಿಯಾ' ಕೂಡ ಅದೇ ಪದ. ಭಯ ಮತ್ತು ದುಃಖ ಬಹುಕಾಲ ಬಿಡದೆ ಕಾಡಿದರೆ ಅದು ಮೆಲಾಂಕೋಲಿ ಎಂಬ ಅರ್ಥದ ಸೂತ್ರವೊಂದು ಅವರ ಗ್ರಂಥದಲ್ಲಿದೆ. ಇಲ್ಲಿ 'ಬಹುಕಾಲ' ಎಂಬ ಮಾತನ್ನು ಗಮನಿಸಬೇಕು. ಇಂದಿನ ಮನೋವೈದ್ಯರೂ ಎರಡು ವಾರವಾದರೂ ಬಿಡದೆ ಇದೆಯೇ ಎಂದು ಕೇಳಿಯೇ ಖಿನ್ನತೆಯನ್ನು ಗುರುತಿಸುತ್ತಾರೆ.

ಕ್ರಿಸ್ತಶಕ ಎರಡನೇ ಶತಮಾನದಲ್ಲಿ ಗೇಲನ್ ಈ ವಿಚಾರವನ್ನು ಒಂದು ಶಾಸ್ತ್ರವನ್ನಾಗಿ ಮಾಡಿದರು. ಅರಬ್ಬರು ಇವರನ್ನು ಜಾಲಿನೂಸ್ ಎಂದು ಕರೆದರು. ಇಡೀ ದೇಹದ ರಕ್ತವೇ ಕಪ್ಪು ಪಿತ್ತದಿಂದ ಕೆಟ್ಟಿದೆಯೋ, ತಲೆಯಲ್ಲಿರುವ ರಕ್ತ ಮಾತ್ರ ಕೆಟ್ಟಿದೆಯೋ ಎಂಬುದು ಅವರಿಗೆ ದೊಡ್ಡ ಪ್ರಶ್ನೆಯಾಗಿತ್ತು. ತಿಳಿಯುವ ದಾರಿಯನ್ನೂ ಅವರೇ ಹೇಳಿದರು. ತೋಳಿನ ರಕ್ತನಾಳವನ್ನು ಕೊಯ್ದು ನೋಡಬೇಕು. ಹೊರಬರುವ ರಕ್ತ ಕಪ್ಪಾಗಿಲ್ಲದಿದ್ದರೆ ಕೂಡಲೇ ನಿಲ್ಲಿಸಬೇಕು, ಕಪ್ಪಾಗಿದ್ದರೆ ರೋಗಿಯ ದೇಹಸ್ಥಿತಿ ನೋಡಿಕೊಂಡು ಇನ್ನಷ್ಟು ಹರಿಸಬೇಕು. ವಿಷಾದಕ್ಕೆ ಮಾಡಿದ ರಕ್ತಪರೀಕ್ಷೆ ಎಂದು ಯಾವುದನ್ನಾದರೂ ಕರೆಯುವುದಾದರೆ ಅದು ಇದೇ. ಕಪ್ಪು ಪಿತ್ತ ಎಂಬ ರಸ ಮನುಷ್ಯನ ದೇಹದಲ್ಲಿ ಇಲ್ಲವೇ ಇಲ್ಲ. ಆದರೂ ಇಲ್ಲದ ಆ ರಸದ ಹೆಸರಿನಲ್ಲಿ ಮುಂದಿನ ಸಾವಿರದೈನೂರು ವರ್ಷ ಜನರ ನಿಜವಾದ ರಕ್ತ ಹರಿಯಿತು.

ಒಂಬತ್ತನೇ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಅವರ ಸಂಗಡಿಗರು ಗೇಲನ್ನರ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿಗೆ ತಂದರು. ಅಲ್ಲಿಂದ ನಾಲ್ಕು ರಸಗಳು ಖೂನ್, ಬಲ್ಗಮ್, ಸಫ್ರಾ, ಸೌದಾ ಎಂಬ ಹೆಸರಿನಲ್ಲಿ ನಮ್ಮ ಯುನಾನಿ ವೈದ್ಯಕ್ಕೂ, ಮನೆಮಾತಿಗೂ ಇಳಿದು ಬಂದವು. ಇವು ಬೆರೆತಿರುವ ಹದಕ್ಕೆ 'ಮಿಜಾಜ್' ಎಂದು ಹೆಸರು. ಇಂದಿಗೂ ನಾವು 'ಮಿಜಾಜ್ ಹೇಗಿದೆ?' ಎಂದು ಕ್ಷೇಮ ವಿಚಾರಿಸುತ್ತೇವೆ. ಆಗ ನಾವು ಅರಿಯದೆಯೇ ಎದುರಿಗಿರುವವರ ರಕ್ತ, ಪಿತ್ತ, ಕಫಗಳ ವರದಿ ಕೇಳುತ್ತಿರುತ್ತೇವೆ! ಕನ್ನಡದಲ್ಲೂ ಸಿಟ್ಟು ಬಂದವರಿಗೆ ಪಿತ್ತ ನೆತ್ತಿಗೇರುತ್ತದೆ. ನಮ್ಮ ಎರಡು ಭಾಷೆಗಳೂ ಮನಸ್ಸಿನ ಸಂಗತಿಯನ್ನು ಮೈಯ ರಸದಲ್ಲಿ ಹುಡುಕಿವೆ.

ಈ ಪರಂಪರೆಯಲ್ಲಿ ನನ್ನನ್ನು ಬಹುವಾಗಿ ತಡೆದು ನಿಲ್ಲಿಸಿದವರು ಅಬೂ ಝೈದ್ ಅಲ್-ಬಲ್ಖಿ. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದಲ್ಲಿ ಹುಟ್ಟಿ, ಬಗ್ದಾದಿನಲ್ಲಿ ಓದಿ, ಮತ್ತೆ ತಮ್ಮ ಊರಿಗೆ ಮರಳಿದ ಇವರು ತೀರಿಕೊಂಡದ್ದು 934ರಲ್ಲಿ. ಇವರ 'ಮಸಾಲಿಹುಲ್ ಅಬ್ದಾನ್ ವಲ್ ಅನ್ಫುಸ್' ಎಂಬ ಗ್ರಂಥದ ಒಂದು ಭಾಗ ದೇಹಕ್ಕೆ, ಇನ್ನೊಂದು ಭಾಗ ಮನಸ್ಸಿಗೆ ಮೀಸಲು. ಅದರಲ್ಲಿ ಅವರು 'ಹುಝ್ನ್', ಅಂದರೆ ದುಃಖವನ್ನು ಎರಡಾಗಿ ವಿಂಗಡಿಸುತ್ತಾರೆ. ಮೊದಲನೆಯದು ಕಾರಣ ಗೊತ್ತಿರುವ ದುಃಖ. ಪ್ರೀತಿಪಾತ್ರರು ಸತ್ತಿರುತ್ತಾರೆ, ಆಸ್ತಿ ಹೋಗಿರುತ್ತದೆ. ಎರಡನೆಯದು ಕಾರಣವೇ ಕಾಣದ ದುಃಖ. ಮನುಷ್ಯ ಕುಸಿದು ಕೂತಿರುತ್ತಾನೆ, ಏಕೆಂದು ಅವನಿಗೂ ಹೇಳಲು ಬರುವುದಿಲ್ಲ, ಯಾವುದರಲ್ಲೂ ರುಚಿಯಿರುವುದಿಲ್ಲ. ಈ ಎರಡನೆಯದರ ಮೂಲ ದೇಹದಲ್ಲಿದೆ, ರಕ್ತ ಅಶುದ್ಧವಾಗಿ ತಣ್ಣಗಾಗುವುದರಿಂದ ಅದು ಬರುತ್ತದೆ ಎನ್ನುತ್ತಾರೆ ಬಲ್ಖಿ.

ರಕ್ತ ತಣ್ಣಗಾಗುತ್ತದೆ ಎಂಬ ಅವರ ವಿವರಣೆ ಇಂದು ನಿಲ್ಲುವುದಿಲ್ಲ. ಆದರೆ ಅವರು ತರ್ಕಿಸಿದ ರೀತಿಯನ್ನು ನೋಡಿ. ಕಾರಣ ಕಾಣದ ದುಃಖದವನನ್ನು ಅವರು ಸೋಮಾರಿ ಎನ್ನಲಿಲ್ಲ. ಅವನಿಗೆ ಶೈತಾನ್ ಹಿಡಿದಿದೆ ಎಂದೂ ಹೇಳಲಿಲ್ಲ. ಕಾರಣ ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ, ಅದು ಕಾಣದ ಜಾಗದಲ್ಲಿ ಇದ್ದೀತು ಎಂದರು. ಅವರು ಮೊದಲು ರೋಗಿಯ ಮಾತನ್ನು ನಂಬಿದರು, ಆಮೇಲೆ ರಕ್ತದ ಕಡೆ ತಿರುಗಿದರು. ದೇಹಕ್ಕೆ ಚಿಕಿತ್ಸೆ ಕೊಡುವುದರ ಜೊತೆಗೆ ಅವನೊಡನೆ ಮಾತಾಡಬೇಕು, ಮನಸ್ಸಿಗೆ ಹಿತವಾದವರ ಸಹವಾಸ ಒದಗಿಸಬೇಕು ಎಂದೂ ಬರೆದರು. ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ.

ಮುಂದೆ ಇಬ್ನ್ ಸೀನಾ (980-1037) ತಮ್ಮ 'ಅಲ್-ಕಾನೂನ್'ನಲ್ಲಿ ಮಾಲಿಖೂಲಿಯಾಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟರು. ಪ್ರೇಮದಿಂದ ಸೊರಗಿದವರ ನಾಡಿ ಹಿಡಿದು, ಒಂದೊಂದೇ ಊರಿನ, ಮನೆಯ, ವ್ಯಕ್ತಿಯ ಹೆಸರು ಹೇಳುತ್ತ ಹೋಗಿ, ಯಾವ ಹೆಸರಿಗೆ ನಾಡಿ ಎಗರುತ್ತದೆಂದು ನೋಡುವ ಪರೀಕ್ಷೆಯೂ ಅವರ ಹೆಸರಿನೊಂದಿಗೆ ಪ್ರಸಿದ್ಧವಾಗಿದೆ. ಹಕೀಮ ಅಲ್ಲಿ ಹುಡುಕಿದ್ದೂ ಮೈಯ ಗುರುತನ್ನೇ. ಆದರೆ ಆ ಗುರುತು ಸಿಗಬೇಕಾದರೆ ಪಕ್ಕದಲ್ಲಿ ಕೂತು, ಕೈ ಹಿಡಿದು, ಮಾತಾಡಲೇಬೇಕಿತ್ತು.

*

ಯೂರೋಪಿನಲ್ಲಿ ಹದಿನೇಳನೇ ಶತಮಾನದಿಂದ ಕಪ್ಪು ಪಿತ್ತದ ಸಿದ್ಧಾಂತ ಸಡಿಲವಾಗತೊಡಗಿತು. 1628ರಲ್ಲಿ ವಿಲಿಯಂ ಹಾರ್ವೆ ರಕ್ತ ಸುತ್ತುವ ಬಗೆಯನ್ನು ತೋರಿಸಿದರು. ಅದೇ ಶತಮಾನದಲ್ಲಿ ಥಾಮಸ್ ವಿಲ್ಲಿಸ್ ವಿಷಾದದ ಬೇರನ್ನು ಪಿತ್ತದಿಂದ ಬಿಡಿಸಿ ಮೆದುಳು ಮತ್ತು ನರಗಳ ಕಡೆಗೆ ತಂದರು. ರಕ್ತ ಹರಿಸುವುದು ಹತ್ತೊಂಬತ್ತನೇ ಶತಮಾನದಲ್ಲಿ ಹಿಂದೆ ಸರಿಯಿತು. ರಕ್ತದಲ್ಲಿ ದುಃಖ ಹುಡುಕುವ ಕೆಲಸ ಅಲ್ಲಿಗೆ ಮುಗಿಯಿತೆಂದು ತೋರಿತ್ತು. ಇಪ್ಪತ್ತನೇ ಶತಮಾನದ ನಡುವಿನಲ್ಲಿ ಅದು ಬೇರೆ ವೇಷದಲ್ಲಿ ಮರಳಿ ಬಂತು.

ಈ ಎರಡನೆಯ ಕತೆಯ ಒಂದು ಎಳೆ ಆರಂಭವಾಗುವುದು ನಮ್ಮ ದೇಶದ ಒಂದು ಬೇರಿನಿಂದ. ಸರ್ಪಗಂಧದ ಬೇರನ್ನು ನಮ್ಮ ವೈದ್ಯರು ಹುಚ್ಚಿಗೂ, ನಿದ್ರಾಹೀನತೆಗೂ ಕೊಡುತ್ತಿದ್ದರು. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ ಅದರ ಗುಣಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ದೆಹಲಿಯ ತಿಬ್ಬಿಯಾ ಕಾಲೇಜಿನಲ್ಲಿ ಸಲೀಮುಝ್ಝಮಾನ್ ಸಿದ್ದೀಕಿ ಮತ್ತು ರಫತ್ ಹುಸೇನ್ ಸಿದ್ದೀಕಿ ಅದರಿಂದ ರಾಸಾಯನಿಕಗಳನ್ನು ಬೇರ್ಪಡಿಸಿದರು. ಆ ಕಾಲೇಜನ್ನು ಕಟ್ಟಿದ ಹಕೀಮ್ ಅಜ್ಮಲ್ ಖಾನರ ನೆನಪಿಗೆ ಒಂದಕ್ಕೆ 'ಅಜ್ಮಲೀನ್' ಎಂದು ಹೆಸರಿಟ್ಟರು. 1949ರಲ್ಲಿ ಮುಂಬಯಿಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲರು ಸರ್ಪಗಂಧ ರಕ್ತದ ಒತ್ತಡವನ್ನು ಇಳಿಸುತ್ತದೆಂದು ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದರು. 1952ರಲ್ಲಿ ಸ್ವಿಸ್ ಕಂಪನಿ ಸೀಬಾದ ವಿಜ್ಞಾನಿಗಳು ಆ ಬೇರಿನಿಂದ 'ರೆಸರ್ಪಿನ್' ತೆಗೆದರು. ರಕ್ತದೊತ್ತಡಕ್ಕೆ ಅದನ್ನು ನುಂಗಿದವರಲ್ಲಿ ಕೆಲವರು ಖಿನ್ನತೆಗೆ ಜಾರುತ್ತಿದ್ದಾರೆ ಎಂಬ ವರದಿಗಳು ಬಂದವು. ಆ ನಂಟು ಅಂದು ಭಾವಿಸಿದಷ್ಟು ಗಟ್ಟಿಯಲ್ಲ ಎಂದು ನಂತರದ ವಿಮರ್ಶೆಗಳು ಹೇಳಿವೆ. ಆದರೆ ಅಂದು ಅದು ದೊಡ್ಡ ಸುಳಿವಾಗಿ ಕಂಡಿತು.

ಆ ಹೊತ್ತಿಗೆ ಇನ್ನೊಂದು ವಸ್ತು ಪತ್ತೆಯಾಗಿತ್ತು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಮಾರಿಸ್ ರಾಪೋರ್ಟ್, ಆರ್ಡಾ ಗ್ರೀನ್, ಅರ್ವಿನ್ ಪೇಜ್ ದನದ ರಕ್ತದ ಸೀರಂನಿಂದ ರಕ್ತನಾಳವನ್ನು ಬಿಗಿಗೊಳಿಸುವ ವಸ್ತುವೊಂದನ್ನು ಬೇರ್ಪಡಿಸಿದ್ದರು. ಸೀರಂನಲ್ಲಿದ್ದು ನಾಳದ ಬಿಗುವನ್ನು, ಅಂದರೆ ಟೋನನ್ನು ಬದಲಿಸುವುದರಿಂದ ಅದಕ್ಕೆ 'ಸೆರೊಟೋನಿನ್' ಎಂಬ ಹೆಸರು ಬಂತು. 1953ರಲ್ಲಿ ಅದು ಮೆದುಳಿನಲ್ಲೂ ಇದೆಯೆಂದು ತಿಳಿಯಿತು. 1955ರಲ್ಲಿ ಬರ್ನಾರ್ಡ್ ಬ್ರೋಡಿ ಅವರ ತಂಡ ರೆಸರ್ಪಿನ್ ದೇಹದಲ್ಲಿನ ಸೆರೊಟೋನಿನ್ ದಾಸ್ತಾನನ್ನು ಬರಿದು ಮಾಡುತ್ತದೆಂದು ತೋರಿಸಿತು. ಮತ್ತೊಂದು ಕಡೆ, 1952ರಲ್ಲಿ ನ್ಯೂಯಾರ್ಕಿನ ಕ್ಷಯರೋಗಿಗಳಿಗೆ ಕೊಟ್ಟ ಇಪ್ರೊನಿಯಾಝಿಡ್ ಎಂಬ ಮದ್ದು ಅವರಲ್ಲಿ ವಿಚಿತ್ರ ಉಲ್ಲಾಸ ತಂದಿತ್ತು. 1957ರಲ್ಲಿ ಸ್ವಿಟ್ಝರ್ಲೆಂಡಿನ ರೋಲಾಂಡ್ ಕೂನ್ 'ಇಮಿಪ್ರಮಿನ್' ಖಿನ್ನತೆಯನ್ನು ತಗ್ಗಿಸುತ್ತದೆಂದು ವರದಿ ಮಾಡಿದರು. ಈ ಎಲ್ಲ ಎಳೆಗಳನ್ನು ಹೆಣೆದು 1965ರಲ್ಲಿ ಜೋಸೆಫ್ ಶಿಲ್ಡ್‌ಕ್ರಾಟ್ ನಾರ್‌ಅಡ್ರಿನಲಿನ್ ಕೊರತೆಯ ವಾದವನ್ನೂ, 1967ರಲ್ಲಿ ಬ್ರಿಟನ್ನಿನ ಅಲೆಕ್ ಕಾಪೆನ್ ಸೆರೊಟೋನಿನ್ ಕೊರತೆಯ ವಾದವನ್ನೂ ಮುಂದಿಟ್ಟರು. ಗೇಲನ್ನರ ಕಾಲದಲ್ಲಿ ಹೆಚ್ಚಾದ ರಸವೊಂದು ದುಃಖ ತರುತ್ತಿತ್ತು. ಈಗ ಕಡಿಮೆಯಾದ ರಸವೊಂದು ತರತೊಡಗಿತು.

ಹಾಗಿದ್ದರೆ ರಕ್ತದಲ್ಲಿ ಸೆರೊಟೋನಿನ್ ಅಳೆದರಾಯಿತಲ್ಲ ಎಂದು ಯಾರಿಗಾದರೂ ಅನಿಸೀತು. ತೊಡಕು ಇಲ್ಲೇ ಇದೆ. ದೇಹದ ಸೆರೊಟೋನಿನ್ನಿನ ಬಹುಪಾಲು ಇರುವುದು ಕರುಳಿನಲ್ಲಿ. ರಕ್ತದಲ್ಲಿರುವುದನ್ನು ಹೊತ್ತು ತಿರುಗುವವು ಪ್ಲೇಟ್ಲೆಟ್‌ಗಳು. ರಕ್ತಕ್ಕೂ ಮೆದುಳಿಗೂ ನಡುವೆ ಒಂದು ಬಿಗಿಯಾದ ತಡೆಗೋಡೆಯಿದೆ. ರಕ್ತದ ಸೆರೊಟೋನಿನ್ ಆ ಗೋಡೆ ದಾಟಿ ಮೆದುಳಿಗೆ ಹೋಗುವುದಿಲ್ಲ. ಅಂಗಳದ ಕಸ ನೋಡಿ ಒಳಕೋಣೆಯ ಜಗಳ ಊಹಿಸಿದಂತೆ ಇದು. ಪ್ಲೇಟ್ಲೆಟ್ಟೇ ನರಕೋಶದ ಕನ್ನಡಿಯಾಗಬಹುದೆಂದು 1980ರ ಸುಮಾರಿಗೆ ಪ್ಯಾರಿಸ್ಸಿನ ಸಂಶೋಧಕರು ಆಸೆ ಹುಟ್ಟಿಸಿದರು. ಬೇರೆ ಬೇರೆ ಪ್ರಯೋಗಾಲಯಗಳಲ್ಲಿ ಒಂದೇ ಫಲಿತಾಂಶ ಬರಲಿಲ್ಲ.

*

ನಿಜವಾದ ಉತ್ಸಾಹ ಎಬ್ಬಿಸಿದ ರಕ್ತಪರೀಕ್ಷೆ ಬಂದದ್ದು 1981ರಲ್ಲಿ. ಆಸ್ಟ್ರೇಲಿಯಾ ಮೂಲದ ಬರ್ನಾರ್ಡ್ ಕ್ಯಾರೊಲ್ ಅಮೆರಿಕದಲ್ಲಿ ಅದನ್ನು ರೂಪಿಸಿದರು. ಅದರ ತತ್ವ ಸರಳ. ಕಷ್ಟ ಎದುರಾದಾಗ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಗಳು ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಸುರಿಸುತ್ತವೆ. ಸಾಕಷ್ಟು ಸೇರಿದೆ ಎಂದು ಮೆದುಳಿಗೆ ತಿಳಿದ ಕೂಡಲೇ ಅದು ಬ್ರೇಕ್ ಹಾಕುತ್ತದೆ. ರಾತ್ರಿ ಹನ್ನೊಂದಕ್ಕೆ 1 ಮಿಲಿಗ್ರಾಂ ಡೆಕ್ಸಾಮೆಥಸೋನ್ ಮಾತ್ರೆ ಕೊಟ್ಟರೆ, ಆರೋಗ್ಯವಂತರ ಮೆದುಳು ಅದನ್ನು ಕಾರ್ಟಿಸಾಲ್ ಎಂದೇ ತಿಳಿದು ಮರುದಿನವೆಲ್ಲ ಉತ್ಪತ್ತಿ ನಿಲ್ಲಿಸುತ್ತದೆ. ತೀವ್ರ ವಿಷಾದದ ಅನೇಕ ರೋಗಿಗಳಲ್ಲಿ ಮಾತ್ರ ಈ ಬ್ರೇಕ್ ಹಿಡಿಯುವುದಿಲ್ಲ. ಮರುದಿನ ಸಂಜೆ ನಾಲ್ಕಕ್ಕೆ ಮತ್ತು ರಾತ್ರಿ ಹನ್ನೊಂದಕ್ಕೆ ರಕ್ತ ತೆಗೆದು ನೋಡಿದಾಗ ಡೆಸಿಲೀಟರಿಗೆ 5 ಮೈಕ್ರೋಗ್ರಾಂಗಿಂತ ಹೆಚ್ಚು ಕಾರ್ಟಿಸಾಲ್ ಇದ್ದರೆ ಪರೀಕ್ಷೆ ಪಾಸಿಟಿವ್. ಕ್ಯಾರೊಲ್ ಅವರ ಲೆಕ್ಕದಲ್ಲಿ ಮೆಲಾಂಕೋಲಿಯದ ನೂರು ರೋಗಿಗಳಲ್ಲಿ ಸುಮಾರು 67 ಮಂದಿಯನ್ನು ಅದು ಹಿಡಿಯುತ್ತಿತ್ತು. ಆ ರೋಗವಿಲ್ಲದ ನೂರರಲ್ಲಿ 96 ಮಂದಿಯನ್ನು ಸರಿಯಾಗಿ ಹೊರಗಿಡುತ್ತಿತ್ತು.

ಮನೋವೈದ್ಯರಿಗೆ ಅದೊಂದು ಹಬ್ಬವಾಗಿದ್ದರೆ ಆಶ್ಚರ್ಯವಿಲ್ಲ. ಉಳಿದ ವೈದ್ಯರ ಕೈಯಲ್ಲಿ ಎಕ್ಸ್-ರೇ, ಲ್ಯಾಬ್ ರಿಪೋರ್ಟ್ ಇದ್ದಾಗ ಇವರ ಕೈಯಲ್ಲಿ ಇದ್ದದ್ದು ಪ್ರಶ್ನಾವಳಿ ಮಾತ್ರ. 1960ರಲ್ಲಿ ಮ್ಯಾಕ್ಸ್ ಹ್ಯಾಮಿಲ್ಟನ್ ರೂಪಿಸಿದ ಮಾಪಕವೂ ರೋಗಿಯನ್ನು ಮಾತಾಡಿಸಿ ಅಂಕ ಹಾಕುವಂಥದ್ದೇ. ರೋಗಿಗಳಷ್ಟೇ ವೈದ್ಯರೂ ರಕ್ತದ ಸಾಕ್ಷಿಗೆ ಹಸಿದಿದ್ದರು. ಆದರೆ ಪರೀಕ್ಷೆ ಆಸ್ಪತ್ರೆಯಿಂದ ಆಸ್ಪತ್ರೆಗೆ ಹಬ್ಬಿದಂತೆ ಅದರ ಹೊಳಪು ಮಾಸಿತು. ಮರೆವಿನ ಕಾಯಿಲೆಯ ಮುದುಕರಲ್ಲಿ ಅದು ಪಾಸಿಟಿವ್ ಬಂತು. ಕುಡಿತ ಬಿಟ್ಟು ಒದ್ದಾಡುತ್ತಿದ್ದವರಲ್ಲಿ ಬಂತು, ಊಟ ಬಿಟ್ಟು ತೂಕ ಇಳಿದವರಲ್ಲಿ ಬಂತು. ಆಸ್ಪತ್ರೆಗೆ ಸೇರಿದ ಆತಂಕವೇ ಫಲಿತಾಂಶವನ್ನು ಬದಲಿಸುತ್ತಿತ್ತು. ಇತ್ತ ಆತ್ಮಹತ್ಯೆಯ ಅಂಚಿನಲ್ಲಿದ್ದವರಲ್ಲೂ ಕೆಲವರಿಗೆ ನೆಗೆಟಿವ್ ಬರುತ್ತಿತ್ತು. 1987ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕಾರ್ಯಪಡೆ ಈ ಪರೀಕ್ಷೆಯ ಉಪಯೋಗ ಸೀಮಿತ ಎಂದು ವರದಿ ಕೊಟ್ಟಿತು. ಕ್ಯಾರೊಲ್ ಕಂಡದ್ದು ಸುಳ್ಳಲ್ಲ. ವಿಷಾದದಲ್ಲಿ ಕಾರ್ಟಿಸಾಲ್ ವ್ಯವಸ್ಥೆ ಏರುಪೇರಾಗುವುದು ಇಂದಿಗೂ ಒಪ್ಪಿತವಾದ ಸಂಗತಿ. ಆದರೆ ಗುಂಪಿನಲ್ಲಿ ಕಾಣುವ ನಿಜ ಒಬ್ಬ ವ್ಯಕ್ತಿಯ ವಿಷಯದಲ್ಲಿ ತೀರ್ಪಾಗಲಾರದು ಎಂಬ ಪಾಠವನ್ನು ಆ ಪರೀಕ್ಷೆ ಕಲಿಸಿ ಹೋಯಿತು.

ತೊಂಬತ್ತರ ದಶಕದಲ್ಲಿ ಗಮನ ಉರಿಯೂತದ ಕಡೆ ಹರಿಯಿತು. ಜ್ವರ ಬಂದಾಗ ನಾವು ಮಂಕಾಗಿ ಮೂಲೆ ಹಿಡಿಯುವುದು ರಕ್ಷಣಾ ಕೋಶಗಳು ಬಿಡುವ ಸೈಟೋಕೈನ್ ಎಂಬ ಸಂಕೇತಗಳಿಂದ. 1991ರಲ್ಲಿ ರೊನಾಲ್ಡ್ ಸ್ಮಿತ್ ಎಂಬವರು ಖಿನ್ನತೆಯೂ ಈ ಕೋಶಗಳ ಕೈವಾಡ ಇರಬಹುದೆಂದು ಬರೆದರು. ಬೆಲ್ಜಿಯಂನ ಮೈಕಲ್ ಮೇಸ್ ಖಿನ್ನತೆಯ ರೋಗಿಗಳ ರಕ್ತದಲ್ಲಿ ಉರಿಯೂತದ ಗುರುತುಗಳನ್ನು ತೋರಿಸತೊಡಗಿದರು. ಹೆಪಟೈಟಿಸ್ ಸಿ ಮತ್ತು ಕೆಲವು ಕ್ಯಾನ್ಸರಿಗೆ ಕೊಡುತ್ತಿದ್ದ ಇಂಟರ್‌ಫೆರಾನ್ ಎಂಬ ಚುಚ್ಚುಮದ್ದು ಅನೇಕರನ್ನು ಖಿನ್ನತೆಗೆ ತಳ್ಳಿದ್ದು ಈ ವಾದಕ್ಕೆ ಬಲ ಕೊಟ್ಟಿತು. 2013ರಲ್ಲಿ ಚಾರ್ಲ್ಸ್ ರೈಸನ್, ಆಂಡ್ರ್ಯೂ ಮಿಲ್ಲರ್ ಮತ್ತು ಸಂಗಡಿಗರು ಇದನ್ನು ನೇರವಾಗಿ ಪರೀಕ್ಷಿಸಿದರು. ಸಂಧಿವಾತಕ್ಕೆ ಬಳಸುವ, ಉರಿಯೂತ ಇಳಿಸುವ ಇನ್‌ಫ್ಲಿಕ್ಸಿಮ್ಯಾಬ್ ಮದ್ದನ್ನು ಬೇರೆ ಔಷಧಿಗೆ ಬಗ್ಗದ ಖಿನ್ನತೆಯಿದ್ದ 60 ಮಂದಿಯ ಅಧ್ಯಯನದಲ್ಲಿ ಅರ್ಧದಷ್ಟು ಜನರಿಗೆ ಕೊಟ್ಟರು. ಉಳಿದವರಿಗೆ ಕೊಟ್ಟದ್ದು ಬರಿಯ ಸಲೈನ್. ಒಟ್ಟಾರೆ ನೋಡಿದರೆ ಎರಡು ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ಆದರೆ ಉರಿಯೂತದ ಸೂಚಕವಾದ ಸಿಆರ್‌ಪಿ ಲೀಟರಿಗೆ 5 ಮಿಲಿಗ್ರಾಂಗಿಂತ ಹೆಚ್ಚಿದ್ದವರಲ್ಲಿ ಮದ್ದು ಕೆಲಸ ಮಾಡಿದಂತೆ ಕಂಡಿತು. ಕಡಿಮೆ ಇದ್ದವರಲ್ಲಿ ಸಲೈನೇ ಮೇಲಾಗಿತ್ತು.

ಈ ಸಣ್ಣ ಅಧ್ಯಯನ ಒಂದು ದೊಡ್ಡ ಪ್ರಶ್ನೆ ಎತ್ತಿತು. ಖಿನ್ನತೆ ಎಂಬುದು ಒಂದೇ ರೋಗವೇ? ಜ್ವರ ಎಂಬ ಒಂದೇ ಹೆಸರಿನಡಿ ಮಲೇರಿಯಾ, ಟೈಫಾಯ್ಡ್, ಡೆಂಗಿ ಎಲ್ಲ ಅಡಗಿರುವಂತೆ ಖಿನ್ನತೆಯ ಅಡಿಯಲ್ಲೂ ಹಲವು ರೋಗಗಳು ಇರಬಹುದೇ? ಇದ್ದರೆ ಒಂದೇ ಗುರುತು ಎಲ್ಲರ ರಕ್ತದಲ್ಲೂ ಸಿಗಲು ಹೇಗೆ ಸಾಧ್ಯ? ದುಃಖ ಒಂದಲ್ಲ, ಎರಡು ಎಂದು ಬಲ್ಖಿ ಸಾವಿರ ವರ್ಷದ ಹಿಂದೆ ಹೇಳಿದ್ದು ಇಲ್ಲಿ ನೆನಪಾಗದೆ ಇರದು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಕೂಡ ಈ ಹುಡುಕಾಟದಲ್ಲಿ ಪಾಲುಗೊಂಡಿದೆ. ನರಕೋಶಗಳನ್ನು ಪೋಷಿಸುವ ಬಿಡಿಎನ್‌ಎಫ್ ಎಂಬ ಪ್ರೋಟೀನು ಖಿನ್ನತೆಯ ರೋಗಿಗಳ ಸೀರಂನಲ್ಲಿ ಕಡಿಮೆ ಎಂದು 2002ರಲ್ಲಿ ಜಿನೀವಾದ ಸಂಶೋಧಕರು ಹೇಳಿದ್ದರು. ಯೋಗಾಭ್ಯಾಸದಿಂದ ಖಿನ್ನತೆ ಇಳಿದಾಗ ರಕ್ತದ ಬಿಡಿಎನ್‌ಎಫ್ ಮತ್ತು ಕಾರ್ಟಿಸಾಲ್ ಏನಾಗುತ್ತವೆ ಎಂಬುದನ್ನು ನಿಮ್ಹಾನ್ಸ್ ತಂಡ ಅಳೆದು 2013ರಲ್ಲಿ ಪ್ರಕಟಿಸಿತು. ಇಂಥ ಕೆಲಸ ಬೆಲೆಯುಳ್ಳದ್ದು. ಆದರೆ ಬಿಡಿಎನ್‌ಎಫ್ ಕೂಡ ಬೇರೆ ಮನೋರೋಗಗಳಲ್ಲಿ ಇಳಿಯುತ್ತದೆ, ಆರೋಗ್ಯವಂತರಲ್ಲೂ ವ್ಯತ್ಯಾಸವಾಗುತ್ತದೆ.

2014ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಇವಾ ರೆಡೈ ತಂಡ ರಕ್ತದಲ್ಲಿನ ಒಂಬತ್ತು ಆರ್‌ಎನ್‌ಎ ಗುರುತುಗಳಿಂದ ಖಿನ್ನತೆಯನ್ನು ಪತ್ತೆ ಮಾಡಬಹುದು ಎಂದಾಗ, ಖಿನ್ನತೆಗೆ ರಕ್ತಪರೀಕ್ಷೆ ಬಂದೇಬಿಟ್ಟಿತು ಎಂದು ಪತ್ರಿಕೆಗಳು ಸಂಭ್ರಮಿಸಿದವು. ಆ ಅಧ್ಯಯನದಲ್ಲಿದ್ದ ರೋಗಿಗಳು ಕೇವಲ 32. ಅಂಥ ಪರೀಕ್ಷೆ ಇಂದಿಗೂ ಆಸ್ಪತ್ರೆಗಳ ದಿನನಿತ್ಯದ ಬಳಕೆಗೆ ಬಂದಿಲ್ಲ. 2022ರಲ್ಲಿ ಲಂಡನ್ನಿನ ಜೊವಾನ್ನಾ ಮಾನ್‌ಕ್ರಿಫ್ ಮತ್ತು ಸಂಗಡಿಗರು ಹಿಂದಿನ ಅಧ್ಯಯನಗಳನ್ನೆಲ್ಲ ಜಾಲಾಡಿ, ಸೆರೊಟೋನಿನ್ ಕಡಿಮೆಯಾಗುವುದೇ ಖಿನ್ನತೆಗೆ ಕಾರಣ ಎನ್ನಲು ಸ್ಥಿರವಾದ ಆಧಾರವಿಲ್ಲ ಎಂದರು. ಇದನ್ನು ಕೇಳಿ ಯಾರೂ ಮಾತ್ರೆ ನಿಲ್ಲಿಸಬಾರದು. ಮದ್ದು ಕೆಲಸ ಮಾಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. 522 ಪ್ರಯೋಗಗಳನ್ನು ಒಟ್ಟುಗೂಡಿಸಿದ 2018ರ ವಿಶ್ಲೇಷಣೆಯೊಂದು ತಾನು ಪರಿಶೀಲಿಸಿದ 21 ಖಿನ್ನತಾನಿವಾರಕಗಳೂ ವಯಸ್ಕರಲ್ಲಿ ಹುಸಿಮಾತ್ರೆಗಿಂತ ಮೇಲು ಎಂದು ಕಂಡಿದೆ. ಜ್ವರದ ಮಾತ್ರೆ ಜ್ವರ ಇಳಿಸುತ್ತದೆ. ಹಾಗೆಂದು ಆ ಮಾತ್ರೆಯ ಕೊರತೆಯಿಂದಲೇ ಜ್ವರ ಬಂತೆಂದು ಯಾರೂ ಹೇಳುವುದಿಲ್ಲವಲ್ಲ.

*

ಹಾಗಾದರೆ ನನ್ನ ಖಾಲಾನ ಮಗಳಿಗೆ ಮಾಡಿಸಿದ ರಕ್ತಪರೀಕ್ಷೆ ದಂಡವೇ? ಖಂಡಿತ ಅಲ್ಲ. ಥೈರಾಯ್ಡ್ ಕುಂದಿದರೂ, ರಕ್ತಹೀನತೆಯಾದರೂ, ಬಿ-12 ಇಳಿದರೂ ಮನುಷ್ಯ ಹೀಗೆಯೇ ಸೊರಗುತ್ತಾನೆ. ಅವು ಇಲ್ಲವೆಂದು ಖಚಿತ ಮಾಡಿಕೊಳ್ಳಲು ವೈದ್ಯರು ರಕ್ತ ನೋಡುತ್ತಾರೆ. ಆ ಕಾಗದಗಳು ಹೇಳಿದ್ದು ಇಷ್ಟೇ: ಈಕೆಗೆ ಥೈರಾಯ್ಡ್ ತೊಂದರೆ ಇಲ್ಲ, ರಕ್ತಹೀನತೆ ಇಲ್ಲ. ಖಿನ್ನತೆ ಇದೆಯೇ ಎಂದು ಆ ಲ್ಯಾಬನ್ನು ಯಾರೂ ಕೇಳಿರಲೇ ಇಲ್ಲ. ಕೇಳಿದ್ದರೂ ಉತ್ತರಿಸುವ ಯಂತ್ರ ಅಲ್ಲಿರಲಿಲ್ಲ, ಜಗತ್ತಿನ ಯಾವ ಲ್ಯಾಬಿನಲ್ಲೂ ಇಲ್ಲ. ಕೇಳದ ಪ್ರಶ್ನೆಗೆ ಬಂದ ಮೌನವನ್ನು ನಾವು 'ನಾರ್ಮಲ್' ಎಂದು ಓದಿಕೊಂಡೆವು.

ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಇಪ್ಪತ್ತು ವಯಸ್ಕರಲ್ಲಿ ಒಬ್ಬರು ಬದುಕಿನ ಯಾವುದೋ ಘಟ್ಟದಲ್ಲಿ ಖಿನ್ನತೆಗೆ ಒಳಗಾದವರು. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುವುದಿಲ್ಲ. ಅದಕ್ಕೆ ವೈದ್ಯರ ಕೊರತೆಯಂಥ ಕಾರಣಗಳು ಇದ್ದೇ ಇವೆ. ಮನೆಯವರೇ ನಂಬದಿರುವುದೂ ಒಂದು ಕಾರಣ ಎಂಬುದನ್ನು ನಾವು ಒಪ್ಪಿಕೊಳ್ಳುವುದಿಲ್ಲ. ನಮ್ಮ ಸಮಾಜದಲ್ಲಂತೂ ಇದರ ಮೇಲೆ ಇನ್ನೊಂದು ಹೊರೆಯಿದೆ. 'ನಮಾಜ್ ಸರಿಯಾಗಿ ಮಾಡು, ಎಲ್ಲಾ ಹೋಗುತ್ತೆ' ಎಂದು ಹೇಳುವವರ ಉದ್ದೇಶ ಒಳ್ಳೆಯದಿರಬಹುದು. ಕೇಳುವವಳಿಗೆ ಮಾತ್ರ ಅದು ತನ್ನ ಈಮಾನಿನ ಮೇಲೆ ಹೊರಿಸಿದ ಆರೋಪದಂತೆ ಕೇಳುತ್ತದೆ.

ಕರ್ನಾಟಕದ ಇತಿಹಾಸದಲ್ಲೇ ನಮಗೊಂದು ಬೇರೆ ಪಾಠವಿದೆ. ಎಪ್ಪತ್ತರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗೆ ಸಕಲವಾರ ಎಂಬ ಹಳ್ಳಿಯಲ್ಲಿ ಕೇಂದ್ರ ತೆರೆದು, ಆರೋಗ್ಯ ಕಾರ್ಯಕರ್ತರಿಗೂ ಪ್ರಾಥಮಿಕ ಕೇಂದ್ರದ ವೈದ್ಯರಿಗೂ ಮನೋರೋಗ ಗುರುತಿಸುವ ತರಬೇತಿ ಕೊಡತೊಡಗಿತು. ಎಂಬತ್ತರ ದಶಕದಲ್ಲಿ ಅದೇ ಪದ್ಧತಿಯನ್ನು ಇಡೀ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ನೋಡಲಾಯಿತು. 1996ರಲ್ಲಿ ಆರಂಭವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಆ ಬಳ್ಳಾರಿಯೇ. ಅಲ್ಲಿ ಯಾರ ಕೈಯಲ್ಲೂ ಖಿನ್ನತೆಯ ರಕ್ತಪರೀಕ್ಷೆ ಇರಲಿಲ್ಲ. ನಿದ್ದೆ ಬರುತ್ತದೆಯೇ, ಊಟ ಸೇರುತ್ತದೆಯೇ, ಬದುಕು ಸಾಕೆನಿಸಿದೆಯೇ ಎಂಬಂಥ ಪ್ರಶ್ನೆಗಳಿದ್ದವು, ಉತ್ತರ ಬರುವವರೆಗೆ ಕಾಯುವ ತಾಳ್ಮೆಯಿತ್ತು. 2022ರ ಅಕ್ಟೋಬರಿನಲ್ಲಿ ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯೂ (14416) ಇದೇ ದಾರಿಯದು. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.

ರಕ್ತದ ಗುರುತು ಮುಂದೊಂದು ದಿನ ಸಿಗಬಹುದು. ಸಿಗಲಿ ಎಂದೇ ನಾನು ಬಯಸುತ್ತೇನೆ. ಯಾವ ಮದ್ದು ಯಾರಿಗೆ ಹಿಡಿಯುತ್ತದೆ ಎಂದು ಮೊದಲೇ ತಿಳಿದರೆ ಎಷ್ಟೋ ಜೀವಗಳ ತಿಂಗಳುಗಟ್ಟಲೆ ಒದ್ದಾಟ ತಪ್ಪುತ್ತದೆ. ಆದರೆ ಗೇಲನ್ನರ ಕಪ್ಪು ರಕ್ತದಿಂದ ಕ್ಯಾರೊಲ್ ಅವರ 5 ಮೈಕ್ರೋಗ್ರಾಂವರೆಗೆ ಬಂದ ಈ ದಾರಿಯಲ್ಲಿ ರೋಗಿಯ ಮಾತಿಗಿಂತ ಗಟ್ಟಿಯಾದ ಸಾಕ್ಷಿಯನ್ನು ಯಾರೂ ತಂದಿಲ್ಲ. ಆ ಸಾಕ್ಷಿ ಬರುವವರೆಗೆ ನಂಬಿಕೆಯನ್ನು ಮುಂದೂಡಲು ನಮಗೇನು ಹಕ್ಕಿದೆ?

ಆ ದಿನ ನಾನು ಆಕೆಯ ಅತ್ತೆಗೆ ಇಷ್ಟೆಲ್ಲ ಹೇಳಲಿಲ್ಲ. 'ಅಮ್ಮೀ, ಈ ಕಾಗದದಲ್ಲಿ ಅವಳ ನಿದ್ದೆ ಬಗ್ಗೆ ಏನಾದರೂ ಬರೆದಿದೆಯಾ?' ಎಂದು ಕೇಳಿದೆ. ಅವರು ಕಾಗದ ತಿರುಗಿಸಿ ನೋಡಿದರು. ಬಹಳ ಹೊತ್ತು ಸುಮ್ಮನಿದ್ದು, 'ನಾಲ್ಕು ಗಂಟೆಗೇ ಎದ್ದು ಕೂತಿರುತ್ತಾಳೆ, ನಾನೂ ನೋಡಿದ್ದೀನಿ' ಎಂದರು. ಮುಂದಿನ ವಾರ ಅವರೇ ಸೊಸೆಯ ಜೊತೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋದರು. ವೈದ್ಯರು ಮುಕ್ಕಾಲು ಗಂಟೆ ಮಾತಾಡಿಸಿದರಂತೆ, ರಕ್ತ ತೆಗೆಯಲಿಲ್ಲವಂತೆ. ಗುಣವಾಗಲು ತಿಂಗಳುಗಳೇ ಹಿಡಿದವು, ಈಗಲೂ ಮಾತ್ರೆ ನಡೆದಿದೆ. ಮೊನ್ನೆ ಬೆಳಿಗ್ಗೆ ಅವಳ ಫೋನು ಬಂತು. ಹಿಂದೆ ಮಗು ಗಲಾಟೆ ಮಾಡುತ್ತಿತ್ತು. 'ಭಾಯ್‌ಜಾನ್, ನಿಮ್ಮ ಮಿಜಾಜ್ ಹೇಗಿದೆ?' ಎಂದು ಕೇಳಿದಳು.